ಹೊಸದಿದ್ದಾಗ ಯಾರಿಗೂ ಬೇಡವಾದ ಗಾಡಿ

ಹಳೆಯ ಕಾರುಗಳ ಹುಚ್ಚಿರುವವರ ನಡುವೆ ಕೂತರೆ ಒಂದು ಮಾತು ಬಂದೇ ಬರುತ್ತದೆ. 'ಅಂಥ ಗಾಡಿ ಈಗೆಲ್ಲಿ ಮಾಡ್ತಾರೆ ಬಿಡಿ.' ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಆದರೆ ಒಳಗೊಳಗೇ ಸ್ವಲ್ಪ ಕಿರಿಕಿರಿ. ಸರಿ, ಮಾಡಿದಾಗ ಕೊಂಡವರು ಎಷ್ಟು ಜನ? ಕಂಪನಿಯವರು ಧೈರ್ಯ ಮಾಡಿ, ಸಾಲ ಮಾಡಿ, ವಿಚಿತ್ರವಾದ ಒಂದು ಗಾಡಿ ಮಾಡಿ ಶೋರೂಮಿನಲ್ಲಿ ನಿಲ್ಲಿಸುತ್ತಾರೆ. ನಾವು ಹೋಗಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಫೋಟೋ ತೆಗೆಸಿಕೊಂಡು, ಪಕ್ಕದ ಶೋರೂಮಿನಲ್ಲಿ ಮನೆಮಂದಿಗೆಲ್ಲ ಸೀಟಿರುವ ಗಾಡಿಗೆ ಅಡ್ವಾನ್ಸ್ ಕೊಟ್ಟು ಬರುತ್ತೇವೆ. ಆಮೇಲೆ ಮೂವತ್ತು ವರ್ಷ ಕಣ್ಣೀರು ಹಾಕುತ್ತೇವೆ.

ಈ ಕಿರಿಕಿರಿಗೆ ನನ್ನ ಮಟ್ಟಿಗೆ ಒಂದು ಹೆಸರಿದೆ. ಆಟೋಜಾಮ್ ಏಝಡ್-1. ಮಾಜ್ಡಾ ಕಂಪನಿಯವರು 1992ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಿಟ್ಟ ಪುಟಾಣಿ ಸ್ಪೋರ್ಟ್ಸ್ ಕೂಪೆ. ಎರಡೇ ಸೀಟು. ಇಂಜಿನ್ ಸೀಟಿನ ಹಿಂದೆ. ಬಾಗಿಲು ಪಕ್ಕಕ್ಕಲ್ಲ, ರೆಕ್ಕೆಯ ಹಾಗೆ ಮೇಲಕ್ಕೆ ಏಳುತ್ತದೆ. 1994ರ ಹೊತ್ತಿಗೆ ತಯಾರಿಕೆ ನಿಂತೇಹೋಯಿತು. ಒಟ್ಟು ಮಾಡಿದ್ದು ಸುಮಾರು 4,400. ಇದನ್ನೇ ಸುಜುಕಿಯವರು 'ಕಾರಾ' ಅಂತ ತಮ್ಮ ಹೆಸರು ಅಂಟಿಸಿ ಮಾರಿದ್ದು ಇನ್ನೊಂದು ಐನೂರು ಚಿಲ್ಲರೆ. ಅಷ್ಟೇ ಇದರ ಬಾಳು.

ಹಳದಿ ಬೋರ್ಡಿನ ಗಾಡಿ

ಕೆಲಸದ ಮೇಲೆ ಯೊಕೊಹಾಮಾದಲ್ಲಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಆಫೀಸಿನ ಗೆಳೆಯನೊಬ್ಬ ಡೈಕೊಕುಗೆ ಕರೆದುಕೊಂಡು ಹೋದ. ಕಾರಿನ ಹುಚ್ಚಿದ್ದವರಿಗೆ ಡೈಕೊಕು ಅಂದರೆ ಏನು ಅಂತ ಹೇಳಬೇಕಿಲ್ಲ. ಎಕ್ಸ್‌ಪ್ರೆಸ್‌ವೇ ಸುರುಳಿ ಸುತ್ತಿಕೊಂಡು ಇಳಿಯುವ ಜಾಗ, ಅದರ ನಡುವೆ ಒಂದು ಪಾರ್ಕಿಂಗ್, ಒಂದು ಕ್ಯಾಂಟೀನು. ಅಲ್ಲಿಗೆ ಬಂದು ನಿಲ್ಲುವ ಗಾಡಿಗಳನ್ನು ನೋಡುವುದಕ್ಕೇ ಹೊರದೇಶಗಳಿಂದ ಜನ ಬರುತ್ತಾರೆ. ಅವತ್ತು ನಾಲ್ಕಾರು ನಿಸ್ಸಾನ್ ಸ್ಕೈಲೈನ್ ಕಾರುಗಳ ಸುತ್ತ ಜಾತ್ರೆ ನೆರೆದಿತ್ತು. ಅವುಗಳ ಆಚೆ, ಯಾರೂ ಗಮನ ಕೊಡದ ಮೂಲೆಯಲ್ಲಿ, ಕೆಂಪು ಬಣ್ಣದ ಒಂದು ಆಟಿಕೆ ನಿಂತಿತ್ತು. ಮುಂದೆ ಹಳದಿ ನಂಬರ್ ಪ್ಲೇಟು. ನಮ್ಮ ಕಣ್ಣಿಗೆ ಹಳದಿ ಬೋರ್ಡು ಅಂದರೆ ಬಾಡಿಗೆ ಟ್ಯಾಕ್ಸಿ, ಅಲ್ವಾ? ಜಪಾನಿನಲ್ಲಿ ಅದು 'ಕೇ' ಕಾರಿನ ಗುರುತು. ಅಂದರೆ ಸರ್ಕಾರ ಹಾಕಿಕೊಟ್ಟ ಅಳತೆಯೊಳಗೆ ಮಾಡಿದ ಸಣ್ಣ ಗಾಡಿ.

ಗಾಡಿಯ ಎತ್ತರ 1,150 ಮಿ.ಮೀ. ಪಕ್ಕದಲ್ಲಿ ನಿಂತರೆ ಅದರ ಚಾವಣಿ ನನ್ನ ಎದೆಗೂ ಬರುವುದಿಲ್ಲ. ಯಜಮಾನರು ಅರವತ್ತು ದಾಟಿದವರು, ತಲೆಗೆ ಬಟ್ಟೆಯ ಟೋಪಿ. ನಾವು ಬಗ್ಗಿ ಬಗ್ಗಿ ನೋಡುವುದನ್ನು ಕಂಡು ನಗುತ್ತಾ ಬಂದರು. ಬಾಗಿಲನ್ನು ಮೇಲಕ್ಕೆತ್ತಿದರು. ಎತ್ತಿ, ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಸೀಟಿನ ಹಿಂದೆ ತಡಕಾಡಿ ಒಂದು ಅಲ್ಯೂಮಿನಿಯಂ ಪೈಪು ತೆಗೆದು ಬಾಗಿಲಿಗೆ ಊರುಗೋಲು ಕೊಟ್ಟರು. ಪೈಪಿನ ತುದಿಗೆ ವಾಕಿಂಗ್ ಸ್ಟಿಕ್ಕಿನ ರಬ್ಬರ್ ಬೂಟು. ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಡ್ಯಾಂಪರ್ ಹಳತಾಗಿದೆಯಂತೆ, ಚಳಿಗಾಲದಲ್ಲಿ ಇನ್ನೂ ಸೋಲುತ್ತದಂತೆ. ನಮ್ಮ ಗೆಳೆಯ ಅನುವಾದ ಮಾಡಿದ. 'ಮೂರು ಸಲ ತಲೆಗೆ ಬಿದ್ದಿದೆ ಅಂತಾರೆ.' ಯಜಮಾನರು ಟೋಪಿ ತೆಗೆದು ನೆತ್ತಿ ತೋರಿಸಿದರು.

ಹತ್ತುವುದಕ್ಕೂ ಒಂದು ಕ್ರಮವಿದೆ. ಬಾಗಿಲ ಹೊಸ್ತಿಲು ಅಗಲ, ಎತ್ತರ. ಮೊದಲು ಅದರ ಮೇಲೆ ಕುಂಡೆ ಊರಬೇಕು. ಒಂದು ಕಾಲು ಒಳಗೆ. ಆಮೇಲೆ ಮೈಯನ್ನು ಸೀಟಿಗೆ ಜಾರಿಸಿ, ಇನ್ನೊಂದು ಕಾಲನ್ನು ಕೈಯಲ್ಲೇ ಹಿಡಿದು ಎಳೆದುಕೊಳ್ಳಬೇಕು. ಅವರು ಸಲೀಸಾಗಿ ಮಾಡಿ ತೋರಿಸಿದರು. ನಾನು ಕೂತಾಗ ಮಂಡಿ ಸ್ಟೀರಿಂಗಿಗೆ ತಾಗಿತು, ಭುಜ ಪಕ್ಕದ ಸೀಟಿಗೆ ಹೋಯಿತು. ಕಿಟಕಿ ಪೂರ್ತಿ ಇಳಿಯುವುದಿಲ್ಲ. ಗಾಜಿನ ಒಂದು ತುಂಡು ಮಾತ್ರ ತೆರೆದುಕೊಳ್ಳುತ್ತದೆ. ಟೋಲ್ ದುಡ್ಡು ಕೊಡಲು ಕೈ ತೂರಿದರೆ ಮುಗಿಯಿತು. ತಲೆಯ ಮೇಲೂ ಗಾಜು. ಬೆಳಗಿನ ಎಳೆ ಬಿಸಿಲಿಗೇ ಒಳಗೆ ಬೆವರು ಬರುತ್ತಿತ್ತು.

ಅವರು ಕೀ ತಿರುಗಿಸಿದರು. ಇಂಜಿನ್ ಹತ್ತಿಕೊಂಡಿತು. ನನ್ನ ಬೆನ್ನಿನ ಹಿಂದೆ, ಗೇಣು ದೂರದಲ್ಲಿ, ಆ ಸದ್ದು. ಮೂರು ಸಿಲಿಂಡರಿನ ಗುರುಗುರು, ಐಡ್ಲಿಂಗಿನಲ್ಲಿ ಸಣ್ಣ ನಡುಕ. ನನಗೆ ನಗು ತಡೆಯಲಾಗಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ, ರೆಕ್ಕೆ ಬಾಗಿಲಿನ ಸ್ಪೋರ್ಟ್ಸ್ ಕಾರಿನಲ್ಲಿ ಕೂತು, ನಾನು ಕೇಳುತ್ತಿದ್ದುದು ಮಾರುತಿ 800ರ ದನಿ! ಅದರ ಕತೆ ಆಮೇಲೆ ಹೇಳುತ್ತೇನೆ.

ಇಳಿದ ಮೇಲೆ ಸುಮ್ನೆ ಕೇಳಿದೆ. 'ಹೊಸದರಲ್ಲೇ ಕೊಂಡಿರಾ?' ಅವರು ಕೈಯಾಡಿಸಿದರು. ಇಲ್ಲ, ಇದು ಸೆಕೆಂಡ್‌ಹ್ಯಾಂಡ್, ರಿಟೈರ್ ಆದ ಮೇಲೆ ಕೊಂಡದ್ದು. ಹೊಸದಾಗಿ ಬಂದಾಗ ಶೋರೂಮಿಗೆ ಹೋಗಿ ನೋಡಿದ್ದರಂತೆ. ಎರಡು ಸಲ ಹೋಗಿದ್ದರಂತೆ. ಆಮೇಲೆ?

'ಆಮೇಲೆ ಮಾಜ್ಡಾದ್ದೇ ರೋಡ್‌ಸ್ಟರ್ ಕೊಂಡೆ ಅಂತಾರೆ' ಅಂದ ಗೆಳೆಯ.

ಅಳತೆಯೊಳಗಿನ ಹುಚ್ಚು

ಈ ಗಾಡಿ ಹುಟ್ಟಿದ್ದು ಒಂದು ಕಾನೂನಿನ ಹೊಟ್ಟೆಯಲ್ಲಿ. ಯುದ್ಧ ಮುಗಿದ ಮೇಲೆ ಜಪಾನಿನ ಜನಕ್ಕೆ ಕೈಗೆಟಕುವ ಗಾಡಿ ಸಿಗಲಿ ಅಂತ 1949ರಲ್ಲಿ ಕೇ ಕಾರಿನ ನಿಯಮ ಬಂತು. ಇಷ್ಟೇ ಉದ್ದ, ಇಷ್ಟೇ ಅಗಲ, ಇಷ್ಟೇ ಸಿಸಿ. ಒಳಗಿದ್ದರೆ ತೆರಿಗೆ ಕಡಿಮೆ, ಬಹಳಷ್ಟು ಊರುಗಳಲ್ಲಿ ಪಾರ್ಕಿಂಗ್ ಜಾಗದ ಪತ್ರ ತೋರಿಸುವ ತಾಪತ್ರಯವೂ ಇಲ್ಲ. 1976ರಲ್ಲಿ ಇಂಜಿನ್ನಿನ ಮಿತಿ 550 ಸಿಸಿಗೆ ಏರಿತು, 1990ರಲ್ಲಿ 660ಕ್ಕೆ. ಆಗ ಉದ್ದ 3.3 ಮೀಟರ್ ದಾಟಬಾರದಿತ್ತು, ಅಗಲ 1.4 ಮೀಟರ್. ಶಕ್ತಿ 64 ಪಿಎಸ್, ಅಂದರೆ ಕುದುರೆಶಕ್ತಿ, ಮೀರುವುದು ಬೇಡ ಅಂತ ಕಂಪನಿಗಳೇ ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದವು.

ತರಕಾರಿ ತರಲು, ಮಕ್ಕಳನ್ನು ಸ್ಕೂಲಿಗೆ ಬಿಡಲು ಅಂತ ಮಾಡಿದ ಅಳತೆ ಇದು. ಇದರೊಳಗೆ ರೇಸ್ ಕಾರು ತೂರಿಸಬೇಕು ಅಂತ ಯಾರಿಗಾದರೂ ಅನಿಸಿದ್ದು ಹೇಗೆ? ಅದಕ್ಕೆ ಆ ಕಾಲವನ್ನು ನೋಡಬೇಕು. 1980ರ ದಶಕದ ಕೊನೆ. ಜಪಾನಿನಲ್ಲಿ ದುಡ್ಡು ಹೊಳೆಯಾಗಿ ಹರಿಯುತ್ತಿತ್ತು. ಷೇರುಪೇಟೆ ಏರುತ್ತಲೇ ಇತ್ತು. ಕಂಪನಿಗಳಲ್ಲಿ 'ಬೇಡ' ಅನ್ನುವವರ ದನಿ ಅಡಗಿದ ಹೊತ್ತು ಅದು. 1989ರ ಟೋಕಿಯೊ ಮೋಟರ್ ಶೋನಲ್ಲಿ ಮಾಜ್ಡಾ ಏಝಡ್-550 ಅಂತ ಮೂರು ಮಾದರಿ ತಂದು ನಿಲ್ಲಿಸಿತು. ಅಸ್ಥಿಪಂಜರ ಒಂದೇ, ಮೈ ಮಾತ್ರ ಬೇರೆ ಬೇರೆ. ಒಂದಕ್ಕೆ ರೆಕ್ಕೆ ಬಾಗಿಲು. ಇನ್ನೊಂದಕ್ಕೆ ಮಾಮೂಲಿ ಬಾಗಿಲು. ಮೂರನೆಯದಂತೂ ಫ್ರಾನ್ಸಿನ ಲೆ ಮಾನ್ಸ್ ಕಾರ್ ರೇಸಿಗೆ ಹೊರಟಂತಿತ್ತು. ಜನ ಮುಗಿಬಿದ್ದದ್ದು ರೆಕ್ಕೆ ಬಾಗಿಲಿಗೆ. ಕಂಪನಿ ಅದನ್ನೇ ಮಾಡಲು ಹೊರಟಿತು. ಶೋಗಳಲ್ಲಿ ಇಂಥವು ಬೇಕಾದಷ್ಟು ಬರುತ್ತವೆ, ಹೋಗುತ್ತವೆ. ನಿಜವಾಗಿಯೂ ಮಾಡಲು ಹೊರಡುವುದು ಬೇರೆ ಮಾತು.

ಕೆಲಸದ ಹೊಣೆ ಹೊತ್ತವರು ತೋಶಿಹಿಕೊ ಹಿರಾಯ್. ಅದಕ್ಕೂ ಮೊದಲು ಅವರು ಮುಗಿಸಿದ್ದ ಕೆಲಸ ರೋಡ್‌ಸ್ಟರ್, ಅಂದರೆ ಹೊರದೇಶಗಳಲ್ಲಿ ಮಿಯಾಟಾ, ಎಂಎಕ್ಸ್-5 ಅಂತ ಹೆಸರಾದ ಗಾಡಿ. ಹೆಸರು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅವರ ತಂಡ ಮಾಡಿದ್ದೇನು? ಉಕ್ಕಿನ ಒಂದು ಗಟ್ಟಿ ಗೂಡು. ಅದರ ಮೇಲೆ ಹೊದೆಸಿದ್ದು ಫೈಬರ್ ತಟ್ಟೆಗಳು. ಭಾರ ಹೊರುವುದೆಲ್ಲ ಒಳಗಿನ ಗೂಡು. ಬಾಗಿಲ ಹೊಸ್ತಿಲು ಅಷ್ಟು ದಪ್ಪ ಇರುವುದೂ ಅದಕ್ಕೇ, ಗಾಡಿಯ ಬೆನ್ನುಮೂಳೆ ಅಲ್ಲಿದೆ. ಹೊಸ್ತಿಲು ಅಷ್ಟು ಎತ್ತರ, ಚಾವಣಿ ಅಷ್ಟು ತಗ್ಗು ಆದಮೇಲೆ ಮಾಮೂಲಿ ಬಾಗಿಲಿಟ್ಟರೆ ಮನುಷ್ಯ ಒಳಗೆ ಹೋಗುವುದೇ ಕಷ್ಟ. ಚಾವಣಿಯನ್ನೂ ಸೇರಿಸಿ ಎತ್ತಿಬಿಟ್ಟರೆ ದಾರಿ ಸಿಗುತ್ತದೆ. ರೆಕ್ಕೆ ಬಾಗಿಲು ಬರೀ ಶೋಕಿ ಅಂತ ಬೈಯುವವರನ್ನು ನೋಡಿದ್ದೇನೆ. ಶೋಕಿಯೂ ಹೌದು. ಆದರೆ ಅಗತ್ಯವೂ ಇತ್ತು. ತೂಕ 720 ಕೆಜಿ. ಗೇರು ಐದು, ಮ್ಯಾನ್ಯುಯಲ್ ಮಾತ್ರ. ಪವರ್ ಸ್ಟೀರಿಂಗ್ ಇಲ್ಲ. ಆದರೂ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಲು ಎರಡು ಸುತ್ತಿನ ಮೇಲೆ ಸ್ವಲ್ಪ ಸಾಕು. ಅಂದರೆ ಸೀನಿದರೂ ಲೇನ್ ಬದಲಾಗುತ್ತದೆ! ಚಕ್ರಗಳ ನಡುವಿನ ಅಂತರ 2,235 ಮಿ.ಮೀ. ಹಿಂದೆ ತೂಕ, ಗಿಡ್ಡ ಮೈ. ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಬದಿ ಮುಂದೆ ಬರಲು ನೋಡುತ್ತದೆ. ಇದು ಗೊತ್ತಿರುವವರ ಗಾಡಿ.

ಲೆಕ್ಕಕ್ಕೆ ಬಂದರೆ

ಏಝಡ್-1 ಸೋತದ್ದು ಯಾಕೆ ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಜಪಾನಿನ ಆರ್ಥಿಕ ಗುಳ್ಳೆ ಒಡೆಯಿತು. ನಿಜವೇ. 1989ರ ಕೊನೆಯ ದಿನಗಳಲ್ಲಿ ತುತ್ತತುದಿ ಮುಟ್ಟಿದ್ದ ಜಪಾನಿನ ಷೇರುಪೇಟೆ 1990ರಿಂದ ಕುಸಿಯತೊಡಗಿತು. ಗಾಡಿ ಶೋರೂಮಿಗೆ ಬರುವಷ್ಟರಲ್ಲಿ ಜನ ಪರ್ಸಿನ ಬಾಯಿ ಕಟ್ಟಿದ್ದರು. ಇದೇ ಅಳತೆಯ ಎರಡು ಸ್ಪೋರ್ಟ್ಸ್ ಗಾಡಿಗಳು, ಹೋಂಡಾ ಬೀಟ್ ಮತ್ತು ಸುಜುಕಿ ಕಪುಚಿನೊ, ಹಿಂದಿನ ವರ್ಷ 1991ರಲ್ಲೇ ಬಂದು ಇದ್ದಬದ್ದ ಗಿರಾಕಿಗಳನ್ನು ಹಂಚಿಕೊಂಡಿದ್ದವು. ಬೀಟ್ ಮೂವತ್ತು ಸಾವಿರದ ಮೇಲೆ ಹೋಯಿತು. ಕಪುಚಿನೊ ಇಪ್ಪತ್ತೈದು ಸಾವಿರ ದಾಟಿತು. ಅಂದರೆ ಬರಗಾಲದಲ್ಲೂ ಕೊಳ್ಳುವವರು ಇದ್ದರು. ಇದನ್ನು ಮಾತ್ರ ಬಿಟ್ಟರು. ಗುಳ್ಳೆಯ ಮೇಲೆ ಪೂರ್ತಿ ಹೊರೆ ಹೊರಿಸಲು ನನಗೆ ಮನಸ್ಸಿಲ್ಲ.

ಬೆಲೆ ನೋಡಿ. ಬೀಟ್ ಬಂದಾಗ 13,88,000 ಯೆನ್. ಕಪುಚಿನೊ 14,58,000. ಏಝಡ್-1 ಮೂರರಲ್ಲೂ ದುಬಾರಿ, 14,98,000. ಮೊದಲಿನ ಎರಡಕ್ಕೂ ಟಾಪ್ ತೆಗೆದು ಗಾಳಿ ಕುಡಿಯಬಹುದು. ಇದರಲ್ಲಿ ಕಿಟಕಿಯೇ ಸರಿಯಾಗಿ ತೆರೆಯುವುದಿಲ್ಲ. ಲಗೇಜಿಗೆ ಜಾಗ ಇಲ್ಲವೇ ಇಲ್ಲ ಅಂದರೂ ನಡೆಯುತ್ತದೆ.

ನನಗೆ ನಿಜವಾಗಿ ನಾಟಿದ್ದು ನಾಲ್ಕನೆಯ ಬೆಲೆ. ರೋಡ್‌ಸ್ಟರ್ 1989ರಲ್ಲಿ ಜಪಾನಿನಲ್ಲಿ ಬಂದಾಗ 17,00,000 ಯೆನ್. ಹೆಚ್ಚೂಕಡಿಮೆ ಎರಡು ಲಕ್ಷ ಯೆನ್ ಜಾಸ್ತಿ ಕೊಟ್ಟರೆ 660ರ ಬದಲು 1,600 ಸಿಸಿ. ಟಾಪ್ ತೆರೆಯುತ್ತದೆ, ಡಿಕ್ಕಿ ಇದೆ, ಮೊಣಕೈ ಆಡಿಸಲು ಜಾಗ ಇದೆ. ಮಾಡಿದ ಕಂಪನಿಯೂ ಅದೇ, ಮುಂದಾಳೂ ಅದೇ ಹಿರಾಯ್! ತಾನೇ ಮಾಡಿದ ಗಾಡಿ ತನ್ನದೇ ಇನ್ನೊಂದು ಗಾಡಿಯ ಊಟ ಕಿತ್ತುಕೊಂಡಿತು. ಡೈಕೊಕುವಿನ ಯಜಮಾನರು ಎರಡು ಸಲ ಶೋರೂಮಿಗೆ ಹೋಗಿ ಬಂದು ಹಾಕಿದ್ದೂ ಇದೇ ಲೆಕ್ಕ. ಮನೆಗೆ ಒಂದೇ ಗಾಡಿ ಇಡುವವರು ಯಾರೇ ಆಗಿದ್ದರೂ ಅದೇ ಹಾಕುತ್ತಿದ್ದರು. ನಾನಂತೂ ಹಾಕುತ್ತಿದ್ದೆ.

ಇನ್ನೊಂದು ವಿಷಯ. ಗಾಡಿಯ ಬಾನೆಟ್ಟಿನ ಮೇಲೆ ಮಾಜ್ಡಾ ಅಂತ ಇರಲಿಲ್ಲ. ಆ ಹೊತ್ತಿನಲ್ಲಿ ಮಾಜ್ಡಾ ದೊಡ್ಡ ಕಂಪನಿಗಳ ಸರಿಸಮ ನಿಲ್ಲಬೇಕು ಅಂತ ಹಟ ಹಿಡಿದು ಜಪಾನಿನಲ್ಲಿ ಐದು ಮಾರಾಟ ಜಾಲ ನಡೆಸುತ್ತಿತ್ತು. ಮಾಜ್ಡಾ, ಅಂಫಿನಿ, ಯೂನೊಸ್, ಆಟೋರಾಮಾ, ಆಟೋಜಾಮ್. ರೋಡ್‌ಸ್ಟರ್ ಸಿಗುತ್ತಿದ್ದದ್ದು ಯೂನೊಸ್ ಶೋರೂಮಿನಲ್ಲಿ. ಆಟೋಜಾಮ್ ಇದ್ದದ್ದು ಸಣ್ಣ ಗಾಡಿಗಳಿಗೆ, ಕ್ಯಾರೊಲ್ ಅನ್ನುವ ಮುದ್ದಾದ ಪೇಟೆಗಾಡಿಯನ್ನು ಮಾರಲು. ಅಂಥ ಅಂಗಡಿಯಲ್ಲಿ ಮಧ್ಯೆ ಇಂಜಿನ್ನಿನ ಕೂಪೆ ನಿಲ್ಲಿಸಿದರೆ ಅದನ್ನು ಮಾರುವ ಹುಡುಗನಿಗಾದರೂ ಏನು ಹೇಳಬೇಕು ಅಂತ ತಿಳಿಯಬೇಕಲ್ಲ? 1991ರಲ್ಲಿ ಲೆ ಮಾನ್ಸ್ ಗೆದ್ದು ಮೆರೆದ ಕಂಪನಿ ಇದು. ಐದು ವರ್ಷದಲ್ಲಿ, 1996ಕ್ಕೆ, ಫೋರ್ಡ್ ಅದರ 33.4% ಪಾಲು ಹಿಡಿದು ಆಡಳಿತವನ್ನು ಕೈಗೆ ತೆಗೆದುಕೊಂಡಿತು.

ಮೂರೇ ಮೂರು ಪಿಸ್ಟನ್

ಈಗ ಆ ಸದ್ದಿನ ಕತೆ. ಏಝಡ್-1ರ ಇಂಜಿನ್ ಮಾಜ್ಡಾದ್ದಲ್ಲ, ಸುಜುಕಿಯದ್ದು. ಎಫ್6ಎ, 657 ಸಿಸಿ, ಮೂರು ಸಿಲಿಂಡರ್, ಟರ್ಬೊ, 12 ವಾಲ್ವ್, 64 ಪಿಎಸ್. ಆಲ್ಟೊ ವರ್ಕ್ಸ್ ಅನ್ನುವ ಗಾಡಿಯ ಮುಂಭಾಗದಲ್ಲಿದ್ದ ಇಂಜಿನ್ ಗೇರ್‌ಬಾಕ್ಸನ್ನು ತಂದು ಸೀಟಿನ ಹಿಂದೆ ಕೂರಿಸಿದರು. ಸುಜುಕಿಯ ಈ ಎಫ್ ವಂಶದಲ್ಲೇ ಇನ್ನೊಂದು ಇದೆ. ಎಫ್8ಬಿ, 796 ಸಿಸಿ. ಅದು ನಮ್ಮ ಮಾರುತಿ 800ರದ್ದು, ಓಮ್ನಿಯದ್ದು. ಟರ್ಬೊ ಇಲ್ಲ, ಕಾರ್ಬ್ಯುರೇಟರ್ ಕಾಲದಲ್ಲಿ ಶಕ್ತಿ ನಲವತ್ತು ಕುದುರೆಯ ಒಳಗೆ. ಆದರೆ ದಾಯಾದಿಗಳೇ.

ನಮ್ಮ ಸೋದರಮಾವನ ಹತ್ತಿರ ಬಿಳಿ 800 ಇತ್ತು. ಒಮ್ಮೆ ರೇಡಿಯೇಟರಿಗೆ ನೀರು ನೋಡದೆ ಶಿರಾಡಿ ಘಾಟಿ ಹತ್ತಿಸಿ ಹೆಡ್ ಗ್ಯಾಸ್ಕೆಟ್ ಹೋಯಿತು. ಸಕಲೇಶಪುರದಲ್ಲಿ ಗ್ಯಾರೇಜಿಗೆ ಬಿಟ್ಟರು. ನಾನು ಹೈಸ್ಕೂಲ್ ಹುಡುಗ, ನೋಡುತ್ತಾ ನಿಂತಿದ್ದೆ. ಮೇಸ್ತ್ರಿ ಬೋಲ್ಟುಗಳನ್ನು ಬಿಚ್ಚಿ, ಸಾಲಾಗಿ ಒಂದು ಹಳೆ ಪೇಪರ್ ಮೇಲೆ ಜೋಡಿಸಿ, ಹೆಡ್ಡನ್ನು ಇಬ್ಬರೂ ಸೇರಿ ಎತ್ತಬೇಕೇನೋ ಅಂತ ನಾನು ಮುಂದೆ ಹೋದರೆ, ಒಬ್ಬನೇ ಎತ್ತಿ ಪಕ್ಕಕ್ಕಿಟ್ಟ. ಒಳಗೆ ಮೂರೇ ಮೂರು ಪಿಸ್ಟನ್. ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ತಿರುಗಿಸಿದ. ಒಂದು ಮೇಲೆ ಬಂತು, ಎರಡು ಕೆಳಗೆ ಹೋದವು. 'ನೋಡಪ್ಪಾ, ಇಷ್ಟೇ ಇದರ ಸಂಸಾರ' ಅಂದ. ಮಾವನ ಕಡೆ ತಿರುಗಿ, 'ನೀವು ಸಾಯಿಸೋಕ್ ನೋಡಿದ್ರಿ ಸಾರ್, ಇದು ಸಾಯಲ್ಲ.' ಸಂಜೆಯ ಹೊತ್ತಿಗೆ ಗಾಡಿ ಸ್ಟಾರ್ಟ್ ಆಗಿತ್ತು.

ಹೀಗಾಗಿ, ಏಝಡ್-1 ಅಂದಕೂಡಲೆ ಪುಟ್ಟ ಫೆರಾರಿ ಅಂತ ಹೊಗಳುವವರ ಜೊತೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅದರ ಮಜಾ ಇರುವುದೇ ಬೇರೆ ಕಡೆ. ತರಕಾರಿ ಗಾಡಿಯ ಇಂಜಿನ್ನು, ತರಕಾರಿ ಗಾಡಿಯ ಅಳತೆ. ಅದೇ ಸಾಮಾನು ಇಟ್ಟುಕೊಂಡು, ಜಾಗ ಮಾತ್ರ ಬದಲಿಸಿ, ಬೇರೆಯದೇ ಒಂದು ಪ್ರಾಣಿ ಮಾಡಿದರು. ಇವತ್ತಿಗೂ ಅವು ಓಡುತ್ತಿರುವುದಕ್ಕೆ ಇದೂ ಒಂದು ಕಾರಣ. ಇಂಜಿನ್ನಿನ ಸಾಮಾನು ಸುಜುಕಿಯ ಲಕ್ಷಾಂತರ ಗಾಡಿಗಳಲ್ಲಿ ಇದ್ದದ್ದು, ಹುಡುಕಿದರೆ ಸಿಗುತ್ತದೆ. ಬಾಗಿಲ ಗಾಜು ಒಡೆದರೆ ಮಾತ್ರ ದೇವರೇ ಗತಿ.

ಕಂಬ ಇದ್ದ ಕಟ್ಟಡ

ಒಂದು ಅಡ್ಡ ಮಾತು. ಮಾಜ್ಡಾಕ್ಕೆ ಎಂ2 ಅನ್ನುವ ಒಂದು ಮರಿ ಕಂಪನಿ ಇತ್ತು. ಮಾಮೂಲಿ ಗಾಡಿಗಳನ್ನು ತಿದ್ದಿ ತೀಡಿ, ಹುಚ್ಚಿರುವ ನಾಲ್ಕು ಜನಕ್ಕೆ ಅಂತ ವಿಶೇಷ ಆವೃತ್ತಿ ಮಾಡುವುದು ಅದರ ಕೆಲಸ. ಏಝಡ್-1ಕ್ಕೂ ದೊಡ್ಡ ಫಾಗ್ ಲ್ಯಾಂಪ್ ಕೂರಿಸಿ, ಮೂತಿ ಬದಲಿಸಿ, ಎಂ2 1015 ಅಂತ ಕೆಲವೇ ಕೆಲವನ್ನು ಮಾಡಿದರು. ಆ ಕಂಪನಿಗೆ ಟೋಕಿಯೊದ ಸೆತಾಗಾಯಾದಲ್ಲಿ 1991ರಲ್ಲಿ ಒಂದು ಕಟ್ಟಡ ಎದ್ದಿತು. ನಡುವೆ ಗ್ರೀಕ್ ದೇವಾಲಯದ್ದರಂಥ ಒಂದು ಕಂಬ, ಕಟ್ಟಡದಷ್ಟೇ ದೊಡ್ಡದು. ಕಂಬದ ಒಳಗೆ ಲಿಫ್ಟು. ವಿನ್ಯಾಸ ಮಾಡಿದವರು ಕೆಂಗೊ ಕುಮಾ, ಆಗ ಇನ್ನೂ ಯುವಕ. ಮುಂದೆ ಟೋಕಿಯೊ ಒಲಿಂಪಿಕ್ಸಿನ ಸ್ಟೇಡಿಯಂ ವಿನ್ಯಾಸದಲ್ಲಿ ಕೈಯಿದ್ದ ಅದೇ ಕುಮಾ. ಈಗ ಅವರು ಮರ, ಬಿದಿರು ಅಂತ ಮೆದುವಾದ ಕಟ್ಟಡಗಳಿಗೆ ಹೆಸರುವಾಸಿ. ಆ ಕಂಬ ಅವರದ್ದೇ ಅಂದರೆ ನಂಬುವುದು ಕಷ್ಟ.

ಎಂ2 1995ರಲ್ಲಿ ಮುಚ್ಚಿತು. ಕಟ್ಟಡವನ್ನು ಆಮೇಲೆ ಅಂತ್ಯಕ್ರಿಯೆ ನಡೆಸುವ ಸಂಸ್ಥೆಯೊಂದು ಕೊಂಡಿತು. ಗಾಡಿಯ ಹುಚ್ಚರು ಕಾಫಿ ಕುಡಿಯುತ್ತಾ ಇಂಜಿನಿಯರುಗಳ ಜೊತೆ ಹರಟಬೇಕು ಅಂತ ಕಟ್ಟಿದ ಹಾಲಿನಲ್ಲಿ ಶವಸಂಸ್ಕಾರದ ಪ್ರಾರ್ಥನೆ ನಡೆಯತೊಡಗಿತು. ಇದನ್ನು ಯಾರಾದರೂ ಕತೆಯಲ್ಲಿ ಬರೆದಿದ್ದರೆ 'ಸ್ವಲ್ಪ ಜಾಸ್ತಿಯಾಯ್ತು' ಅಂತ ಹೊಡೆದು ಹಾಕುತ್ತಿದ್ದೆ.

ಈಗ ಬೇಕು ಅನ್ನುವವರು

ಈಗ ಒಳ್ಳೆಯ ಸ್ಥಿತಿಯ ಏಝಡ್-1 ಬೇಕೆಂದರೆ ಹೊಸದರ ಬೆಲೆಗಿಂತ ಜಾಸ್ತಿ ಕೊಡಬೇಕು. ಅಮೆರಿಕದಲ್ಲಿ 25 ವರ್ಷ ದಾಟಿದ ಗಾಡಿಯನ್ನು ಅಲ್ಲಿನ ಸುರಕ್ಷತಾ ನಿಯಮದ ತೊಡಕಿಲ್ಲದೆ ತರಿಸಿಕೊಳ್ಳಬಹುದು. ಹಾಗಾಗಿ 2017ರಿಂದ ಇವು ಹಡಗು ಹತ್ತಲು ಶುರು ಮಾಡಿದವು. ಜಪಾನಿನಲ್ಲಿ ಇರುವವುಗಳಿಗೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. 13 ವರ್ಷ ದಾಟಿದ ಗಾಡಿಗೆ ತೆರಿಗೆಯೂ ಹೆಚ್ಚು. ಅಷ್ಟೆಲ್ಲ ಕಟ್ಟಿಕೊಂಡು ಇಟ್ಟುಕೊಂಡಿರುವವರ ಬಗ್ಗೆ ನನಗೆ ಗೌರವವಿದೆ. ತಲೆಗೆ ಬಾಗಿಲು ಬೀಳಿಸಿಕೊಂಡಾದರೂ ಅವರು ಓಡಿಸುತ್ತಿದ್ದಾರೆ. ಇಂಟರ್ನೆಟ್ಟಿನಲ್ಲಿ ಫೋಟೋ ನೋಡಿ ಕಂಪನಿಗಳಿಗೆ ಧೈರ್ಯವಿಲ್ಲ ಅನ್ನುವವರ ಮೇಲೆ ಮಾತ್ರ ನನ್ನ ಸಿಟ್ಟು. ಹೋಂಡಾ 2015ರಲ್ಲಿ ಎಸ್660 ಅಂತ ಮಧ್ಯೆ ಇಂಜಿನ್ ಇರುವ ಕೇ ಸ್ಪೋರ್ಟ್ಸ್ ಗಾಡಿಯನ್ನು ಮತ್ತೆ ಮಾಡಿತು. 2022ರಲ್ಲಿ ಅದೂ ನಿಂತಿತು. ನಿಲ್ಲುತ್ತದೆ ಅಂತ ಘೋಷಿಸಿದ ಮೇಲೆ ನೋಡಬೇಕಿತ್ತು ಬುಕಿಂಗಿಗೆ ಬಿದ್ದ ನೂಕುನುಗ್ಗಲು.

ಬೆಂಗಳೂರಿನ ಗೆಳೆಯನಿಗೆ ಡೈಕೊಕುವಿನ ಫೋಟೋ ಕಳಿಸಿದ್ದೆ. 'ಸ್ಟೀರಿಂಗ್ ಬಲಗಡೆಗೇ ಇದೆಯಲ್ಲೋ, ಇಂಜಿನ್ ಸಾಮಾನು ಜೆ.ಸಿ. ರೋಡಲ್ಲೇ ಸಿಗುತ್ತೆ, ಒಂದು ತರಿಸೋಣ' ಅಂತ ಫೋನ್ ಮಾಡಿದ. ನಮ್ಮಲ್ಲಿ ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಹೊರದೇಶದಿಂದ ತರುವಂತಿಲ್ಲ ಅಂದೆ. ಈಚೆಗೆ 50 ವರ್ಷ ದಾಟಿದ ವಿಂಟೇಜ್ ಗಾಡಿಗಳಿಗೆ ದಾರಿ ಮಾಡಿಕೊಟ್ಟಿದ್ದಾರಲ್ಲ ಅಂತ ಅವನು. ಲೆಕ್ಕ ಹಾಕಿದೆವು. 1992ರ ಗಾಡಿಗೆ 2042ರಲ್ಲಿ ಸರದಿ ಬರುತ್ತದೆ. 'ಅಷ್ಟು ಹೊತ್ತಿಗೆ ನಮ್ಮ ಸೊಂಟ ಆ ಹೊಸ್ತಿಲು ದಾಟುತ್ತೇನೋ?' ಅಂದೆ. ಅವನಿಗೆ ಸೊಂಟದ ಚಿಂತೆ ಇರಲಿಲ್ಲ. ತನ್ನ ಲೇಔಟಿನ ಎರಡನೇ ಕ್ರಾಸಿನ ಹಂಪ್ ಅದರ ಹೊಟ್ಟೆಗೆ ತಾಗುತ್ತದೋ ಇಲ್ಲವೋ ಅಂತ ಟೇಪ್ ಹಿಡಿದು ಅಳೆಯಲು ಹೊರಟಿದ್ದ.